ಹದಿನಾರು ಗಂಟುಗಳ ಗಂಡನ ಟಾರ್ಪಾಲು ವಿಜಯ

ಸ್ವಸ್ತಿ! ನಾರಿಗೆ ಸ್ವಸ್ತಿ, ನಾರು ಹೊಸೆದ ಹುರಿಗೆ ಸ್ವಸ್ತಿ, ಹುರಿ ಮೂರು ಕೂಡಿ ಹುಟ್ಟಿದ ಹಗ್ಗಕ್ಕೆ ಸ್ವಸ್ತಿ! ಎಲೈ ಗ್ರಂಥಿದೇವಿಯೇ, ಮದುಮಗಳ ಕೊರಳಿನ ಮೂರು ಗಂಟಿನಿಂದ ಹಿಡಿದು ಸಂತೆಯ ಈರುಳ್ಳಿ ಚೀಲದ ಬಾಯಿಗಂಟಿನವರೆಗೆ ಸಕಲ ಬಂಧನಗಳಲ್ಲಿ ನೆಲೆಸಿದವಳೇ, ಬಿಗಿಯುವವಳೂ ನೀನೇ, ಬಿಚ್ಚಲು ಹೋದವರ ಉಗುರು ಮುರಿಸುವವಳೂ ನೀನೇ. ಚಿತ್ರದುರ್ಗದ ಪಡುವಣ ದಿಕ್ಕಿನಲ್ಲಿ, ಗಾಳಿಯಂತ್ರಗಳು ತಿರುಗುವ ಗುಡ್ಡದ ತಪ್ಪಲಿನಲ್ಲಿ, ಆಷಾಢ ಮಾಸದ ಎರಡನೆಯ ಭಾನುವಾರ ಹಗಲು ಹನ್ನೊಂದರಿಂದ ಒಂದೂವರೆಯವರೆಗೆ ಜರುಗಿದ ಮಹಾಸಮರವನ್ನು ಹೇಳಲು ಹೊರಟಿದ್ದೇನೆ. ನನ್ನ ನಾಲಿಗೆಗೆ ಗಂಟು ಬೀಳದಂತೆ ನೋಡಿಕೋ. ಮಿಕ್ಕದ್ದನ್ನು ನಾನು ಸಂಭಾಳಿಸುತ್ತೇನೆ.

ಆ ಯುಗವಾದರೂ ಎಂಥದು? ಸೆಣಬಿನ ಹಗ್ಗವನ್ನು ಪ್ಲಾಸ್ಟಿಕ್ ಹಗ್ಗವು ಸಿಂಹಾಸನದಿಂದ ಇಳಿಸಿದ ಯುಗ. ಗಂಟು ಹಾಕಬಲ್ಲವರು ಕಡಿಮೆಯಾಗಿ ಜಿಪ್ಪು ಎಳೆಯುವವರು ಹೆಚ್ಚಾದ ಯುಗ. ಲೇಸು ಕಟ್ಟುವ ಕಷ್ಟವೇ ಬೇಡವೆಂದು ಹೈಸ್ಕೂಲು ಮಕ್ಕಳು ಸಹ ಪರಪರ ಸದ್ದು ಮಾಡುವ ಪಟ್ಟಿಯ ಬೂಟು ಹಾಕಿಕೊಂಡು ತಿರುಗುತ್ತಿದ್ದ ಹೀನಯುಗ. ಅಂಥ ಕಾಲದಲ್ಲಿ ಧರ್ಮವನ್ನು ಎತ್ತಿಹಿಡಿದು ನಿಂತವನು ತಿಪ್ಪೇರುದ್ರಪ್ಪನೊಬ್ಬನೇ. ಮೂವತ್ತೆರಡು ಸಂವತ್ಸರ ಸರ್ಕಾರಿ ಪ್ರೌಢಶಾಲೆಯ ಮೈದಾನವನ್ನು ಒಂದೇ ಶಿಳ್ಳೆಯಿಂದ ಆಳಿದವನು, ನಿವೃತ್ತ ದೈಹಿಕ ಶಿಕ್ಷಕ ಶಿರೋಮಣಿ, ಸ್ಕೌಟ್‌ದಳಾಧಿಪತಿ, ಖಾಕಿಚಡ್ಡಿಯ ಇಸ್ತ್ರಿಗೆರೆಯಿಂದ ತರಕಾರಿ ಹೆಚ್ಚಬಹುದಿತ್ತೆಂದು ಸಹೋದ್ಯೋಗಿಗಳಿಂದ ಕೀರ್ತಿತನಾದವನು, ಎಡಗೈ ವೀರ, ಹದಿನಾರು ಗಂಟುಗಳ ಗಂಡ!

ಹದಿನಾರರಲ್ಲಿ ಹದಿನೈದು ಗಂಟುಗಳು ಪುಸ್ತಕದವು. ಹದಿನಾರನೆಯದು ಮಾತ್ರ ಅವನ ಸ್ವಂತ ಸೃಷ್ಟಿ. ಇಂಗ್ಲಿಷ್ ಪುಸ್ತಕದಲ್ಲಿ ‘ಕ್ಲೋವ್ ಹಿಚ್’ ಎಂದಿದ್ದುದನ್ನು ಕಂಡು, ಕ್ಲೋವ್ ಎಂದರೆ ಲವಂಗವೆಂದು ನಿಘಂಟಿನಲ್ಲಿ ಖಾತ್ರಿ ಮಾಡಿಕೊಂಡು, ಅದಕ್ಕೆ ‘ಲವಂಗದ ಗಂಟು’ ಎಂದು ನಾಮಕರಣ ಮಾಡಿ, ಮೂವತ್ತೆರಡು ತಂಡದ ಮಕ್ಕಳಿಗೆ ಹಾಗೆಯೇ ಬಾಯಿಪಾಠ ಮಾಡಿಸಿದ ಮಹಾನುಭಾವ ಅವನು. ಅಷ್ಟಕ್ಕೇ ನಿಲ್ಲಲಿಲ್ಲ. ಲವಂಗದ ಗಂಟಿನ ಬಾಲವನ್ನು ಎಡಗಡೆಯಿಂದ ಎರಡು ಸಲ ಒಳಕ್ಕೆ ತುರುಕುವ ಒಂದು ಹೊಸ ವರಸೆ ಕಂಡುಹಿಡಿದು, ಲವಂಗದ ಪಕ್ಕದಲ್ಲಿ ಇನ್ನೇನು ಇರಬೇಕೆಂದು ಯೋಚಿಸಿ, ಅದನ್ನು ‘ಏಲಕ್ಕಿ ಸುತ್ತು’ ಎಂದು ಕರೆದ. ಆ ಗಂಟನ್ನು ಎಳೆದಷ್ಟೂ ಬಿಗಿಯುತ್ತದೆ. ಬಿಚ್ಚುವ ಉಪಾಯ ಅವನೊಬ್ಬನಿಗೇ ಗೊತ್ತು.

ಇಂಥ ವೀರನ ಎದೆಯಲ್ಲಿ ಎರಡೂವರೆ ತಿಂಗಳಿಂದ ಒಂದು ಮುಳ್ಳು ಮುರಿದುಕೊಂಡು ಕೂತಿತ್ತು. ವೈಶಾಖದಲ್ಲಿ ಒಬ್ಬಳೇ ಮಗಳು ಶಾಂಭವಿಯ ಮದುವೆಯಾಯಿತು. ಗಂಡಿನ ಕಡೆಯವರು ರಾಣೆಬೆನ್ನೂರಿನವರು. ಶಾಮಿಯಾನದವರು ಕಟ್ಟುತ್ತೇವೆಂದರೂ ಬಿಡದೆ, ಮನೆ ಮುಂದಿನ ಚಪ್ಪರದ ನಾಲ್ಕು ಕಂಬಕ್ಕೂ ತಿಪ್ಪೇರುದ್ರಪ್ಪನು ಸ್ವಹಸ್ತದಿಂದ ಲವಂಗ ಏಲಕ್ಕಿ ಬಿಗಿದಿದ್ದ. ಬೀಗರು ಬಂದಿಳಿದು ಪಾನಕ ಕುಡಿಯುತ್ತಿದ್ದ ಶುಭಗಳಿಗೆಯಲ್ಲಿ ಆ ಚಪ್ಪರವು ತೆಂಗಿನ ಗರಿ, ಮಾವಿನ ತೋರಣ, ‘ಸುಸ್ವಾಗತ’ ಫಲಕ ಸಮೇತ ನಿಧಾನವಾಗಿ ಬಂದು ಬೀಗರ ತಲೆಯ ಮೇಲೆ ಕುಳಿತುಕೊಂಡಿತು. ಯಾರಿಗೂ ಪೆಟ್ಟಾಗಲಿಲ್ಲ. ಬೀಗಿತ್ತಿ ಫಕೀರವ್ವ ತಲೆ ಮೇಲಿನ ಬಾಳೆಗೊನೆ ಇಳಿಸಿಟ್ಟು ಮತ್ತೊಂದು ಲೋಟ ಪಾನಕ ಕೇಳಿದಳು. ಎಲ್ಲರೂ ನಕ್ಕು ಮರೆತರು ಎಂದೇ ನಮ್ಮ ನಾಯಕನು ನಂಬಿದ್ದ.

ಆದರೆ ಮದುವೆಯಾಗಿ ಎಂಟನೇ ದಿನ ಮಗಳಿಗೆ ಫೋನು ಮಾಡಿದಾಗ, ಆಚೆ ಕಡೆ ಅಡುಗೆಮನೆಯಿಂದ ಫಕೀರವ್ವನ ದನಿ ಸ್ಪಷ್ಟವಾಗಿ ಕೇಳಿಸಿತು: “ಚಪ್ಪರಾ ಕೆಡವಿದ ಬೀಗರು ಚಾ ಕುಡದ್ರೇನು ಕೇಳವಾ!” ಅದರ ಬೆನ್ನಿಗೇ ಮನೆ ತುಂಬ ನಗೆ. ಆ ನಗೆಯಲ್ಲಿ ಶಾಂಭವಿಯ ನಗೆಯೂ ಇತ್ತು. “ಕುಡಿದೆ ಅಂತ ಹೇಳಮ್ಮ” ಎಂದು ತಿಪ್ಪೇರುದ್ರಪ್ಪ ಫೋನು ಇಟ್ಟ. ಅಂದಿನಿಂದ ಅವನು ರಾಣೆಬೆನ್ನೂರಿನ ಕಡೆ ತಲೆ ಹಾಕಲಿಲ್ಲ. ಮಗಳಿಗೆ ಮಾವಿನಹಣ್ಣು ಕೊಟ್ಟುಬರಲು ಹೆಂಡತಿ ಹಾಲಮ್ಮನೊಬ್ಬಳೇ ಬಸ್ಸು ಹತ್ತಿದಳು. ಮೊಣಕಾಲು ನೋವೆಂದು ಅವನು ನೆಪ ಹೇಳಿದ. ಮಗಳು ಬಾಳುವ ಮನೆಯಲ್ಲಿ ತನಗೆ ಆ ಹೆಸರು ನಿಂತುಹೋಯಿತಲ್ಲ, ದಿನ ಬೆಳಗಾದರೆ ಅದನ್ನು ಕೇಳಿಕೊಂಡು ಅವಳು ರೊಟ್ಟಿ ತಟ್ಟಬೇಕಲ್ಲ ಎಂದು ಅವನಿಗೆ ಅನ್ನ ಸೇರುತ್ತಿರಲಿಲ್ಲ. ಬೀಗರ ಕಣ್ಣೆದುರೇ ಒಂದು ಸಲ, ಒಂದೇ ಒಂದು ಸಲ, ಬೀಳದಂಥ ಏನನ್ನಾದರೂ ಕಟ್ಟಿ ನಿಲ್ಲಿಸಿದರೆ ಸಾಕಿತ್ತು. ಅದಕ್ಕಾಗಿ ಅವನು ಮಂಚದ ಕಾಲಿಗೆ, ಕಿಟಕಿ ಸರಳಿಗೆ, ಒಮ್ಮೆ ಮೈಮರೆತು ಹಾಲಮ್ಮ ಕೂತಿದ್ದ ಕುರ್ಚಿಗೆ ಗಂಟು ಹಾಕಿ ಹಾಕಿ ಅಭ್ಯಾಸ ಮಾಡಿದ.

ಕಾಲ ಕೂಡಿಬಂತು. ಆಷಾಢ ಹುಟ್ಟಿತು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಒಂದೇ ಸೂರಿನಡಿ ಇರಬಾರದು ಎಂಬುದು ಎರಡೂ ಮನೆಯ ಶಾಸ್ತ್ರ. ಹಾಗಾಗಿ ಶಾಂಭವಿ ತವರಿಗೆ ಬಂದಳು. ಬಂದ ಹತ್ತನೇ ದಿನಕ್ಕೆ ಫಕೀರವ್ವ ಫೋನು ಮಾಡಿ, ಸೊಸೆಯನ್ನು ನೋಡದೆ ತನಗೆ ಹೊತ್ತೇ ಹೋಗುತ್ತಿಲ್ಲವೆಂದು ಅತ್ತಳು. ಇಬ್ಬರು ತಾಯಂದಿರೂ ಸೇರಿ ಮುಕ್ಕಾಲು ಗಂಟೆ ಧರ್ಮಶಾಸ್ತ್ರ ವಿಚಾರಿಸಿ, ಹೊಸ್ತಿಲೂ ಇಲ್ಲದ ಸೂರೂ ಇಲ್ಲದ ಬಟ್ಟಬಯಲಲ್ಲಿ ಸೇರಿದರೆ ದೋಷವಿಲ್ಲವೆಂದು ತೀರ್ಮಾನಿಸಿ, ಗುಡ್ಡದ ತಪ್ಪಲಿನ ಬಯಲಲ್ಲಿ ವನಭೋಜನವೆಂದು ಗೊತ್ತುಮಾಡಿದರು. ಅಳಿಯನಿಗೆ ರಜೆ ಸಿಗಲಿಲ್ಲ. ಬೀಗರಿಬ್ಬರು ಬರುವುದೆಂದಾಯಿತು. ತಿಪ್ಪೇರುದ್ರಪ್ಪನು ಅಂದೇ ಹೋಗಿ ಹನ್ನೆರಡಡಿ ಅಗಲ ಹದಿನೆಂಟಡಿ ಉದ್ದದ ನೀಲಿ ಟಾರ್ಪಾಲು ತಂದು ದೇವರ ಮುಂದಿಟ್ಟು ಊದುಬತ್ತಿ ಬೆಳಗಿದ.

ಈಗ ಎದುರಾಳಿಯ ವರ್ಣನೆ ಕೇಳಿರಿ. ಫಕೀರವ್ವನ ಗಂಡ ಮಾಲತೇಶಪ್ಪನೆಂದರೆ ಸಾಮಾನ್ಯನಲ್ಲ. ಮೆಕ್ಕೆಜೋಳ ಹತ್ತಿ ಮೆಣಸಿನಕಾಯಿಗಳ ಪರ್ವತೋಪಮ ಲೋಡುಗಳನ್ನು ಹಗ್ಗವೊಂದರಿಂದಲೇ ಮಣಿಸಿ, ಮೂವತ್ತು ವರ್ಷ ಸ್ವಂತ ಲಾರಿಯನ್ನು ಘಟ್ಟದ ಮೇಲೂ ಕೆಳಗೂ ಓಡಿಸಿ, ಒಂದು ಚೀಲವನ್ನೂ ದಾರಿಯಲ್ಲಿ ಬೀಳಿಸದವನು, ಜಗ್ಗಿದರೆ ಬಿಗಿದು ಬಾಲ ಎಳೆದರೆ ಬಿಚ್ಚುವ ಜೀರುಗುಣಿಕೆಯ ಜಾದೂಗಾರ, ಹುರಿಮೀಸೆಯವನು, ಯಾರು ಎಲ್ಲಿ ಏನು ಕಟ್ಟಿದ್ದರೂ ಒಮ್ಮೆ ಕೈಯಿಂದ ಅಲುಗಿಸಿ ನೋಡದೆ ಮುಂದೆ ಹೋಗಲಾರದವನು. ಅವನು ತನ್ನ ಮಿನಿ ಲಾರಿಯಿಂದ ಇಳಿದವನೇ ಮೊದಲು ನೋಡಿದ್ದು ಬೀಗರ ಮುಖವನ್ನಲ್ಲ, ಬೀಗರ ಕಂಕುಳಲ್ಲಿದ್ದ ನೀಲಿ ಮಡಿಕೆಯನ್ನು.

“ತಾಡಪತ್ರಿ ತಂದೀರೇನ್ರಿ ಬೀಗರ?” ಎಂದ.

“ಇದು ಟಾರ್ಪಾಲು” ಎಂದನು ತಿಪ್ಪೇರುದ್ರಪ್ಪ.

“ಅದ ಅಂದೆ, ತಾಡಪತ್ರಿ.”

“ತಾಡಪತ್ರಿ ಅಂದ್ರೆ ಅದು ಬೇರೇನೋ ಇರಬೇಕು ಬೀಗರೆ. ಇದು ಟಾರ್ಪಾಲು.”

ಹೀಗೆ ಶಂಖನಾದವಾಯಿತು. ಅತ್ತ ಹಾಲಮ್ಮ, ಫಕೀರವ್ವ, ಶಾಂಭವಿ ಮೂವರೂ ಜಮಖಾನ ಹಾಸಿ, ಬುತ್ತಿ ಬಿಚ್ಚದೆಯೇ ಮಾತು ಬಿಚ್ಚಿ ಕೂತಿದ್ದರು. ಆಕಾಶ ಮೋಡ ಹೊದ್ದು ಮಲಗಿತ್ತು. ಆಷಾಢದ ಗಾಳಿ ಗುಡ್ಡ ಇಳಿದು ಬಂದು ಎಲ್ಲರ ಸೆರಗನ್ನೂ ಒಮ್ಮೆ ಹಿಡಿದು ನೋಡಿ ಹೋಗುತ್ತಿತ್ತು. ಬಯಲಲ್ಲಿ ಮರಗಳಿದ್ದದ್ದು ಎರಡೇ, ಒಂದು ಬೇವು, ಒಂದು ಹೊಂಗೆ. ನಡುವೆ ಇಪ್ಪತ್ತು ಹೆಜ್ಜೆ. ಎರಡು ಮರಕ್ಕೂ ಒಂದು ಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟಿ, ಅದರ ಮೇಲೆ ಟಾರ್ಪಾಲು ಹೊದಿಸಿ, ಎರಡೂ ಕಡೆ ಇಳಿಜಾರು ಬಿಟ್ಟು, ನಾಲ್ಕು ಮೂಲೆಗಳನ್ನು ಗೂಟಕ್ಕೆ ಬಿಗಿಯುವುದು ತಿಪ್ಪೇರುದ್ರಪ್ಪನ ರಣತಂತ್ರ.

ಅವನು ಬೇವಿನ ಬುಡದಲ್ಲಿ ನಿಂತು, ಕಾಲು ಜೋಡಿಸಿ, ಎದೆ ಉಬ್ಬಿಸಿ ಹೀಗೆ ಗರ್ಜಿಸಿದನು: “ಎಲೈ ಲಾರೀಪತಿಯೇ! ರಜ್ಜುಶಾಸ್ತ್ರಪಾರಂಗತನಾದ ನಾನು ಇಲ್ಲಿ ನಿಂತಿರಲು ನಿನ್ನ ಬಾಹುಗಳಿಗೆ ಬೆವರೇಕೆ? ಹೋಗು, ಅಬಲೆಯರ ನಡುವೆ ಆಸೀನನಾಗಿ ಈ ಎಡಗೈಯ ಪರಾಕ್ರಮವನ್ನು ಕಣ್ತುಂಬ ನೋಡು!” ಹೀಗೆಂದು ಅವನು ಅಂದದ್ದು ಮನಸ್ಸಿನಲ್ಲಿ. ಬಾಯಿಂದ ಬಂದದ್ದು ಇಷ್ಟೇ: “ನೀವು ಕುತ್ಕಳ್ರಿ ಬೀಗರೆ, ನಿಮಗ್ಯಾಕೆ ಶ್ರಮ.”

ಮಾಲತೇಶಪ್ಪನು ಆ ಪ್ರೀತಿಯ ಮಾತಿನಲ್ಲಿದ್ದ ಪೂರ್ತಿ ವಿಷವನ್ನು ಸವಿದನು. “ಛೇ ಛೇ, ನೀವು ಕುಂದ್ರಿ ಬೀಗರ. ಹೆಣ್ಣು ಕೊಟ್ಟೀರಿ, ಮ್ಯಾಲ ಹಗ್ಗಾನೂ ನಿಮ್ಮ ಕಡಿಂದ ಕಟ್ಟಸ್ಕೊಳ್ಳೋದೇನು? ಜನ ಏನಂದಾರು?” ಎಂದು ಲಾರಿಯ ಸೀಟಿನಡಿಯಿಂದ ತನ್ನದೇ ಹಗ್ಗವನ್ನು ಹೊರಗೆಳೆದನು.

“ನೀವು ಕುತ್ಕಳ್ರಿ.”

“ನೀವು ಕುಂದ್ರಿ.”

“ಇಲ್ಲ ಇಲ್ಲ, ನೀವು ಕುತ್ಕಳ್ರಿ.”

ಹದಿನಾಲ್ಕು ಸಲ ಹೀಗೆ ಮರ್ಯಾದೆಯ ಬಾಣಗಳು ಹಾರಾಡಿದವು. ಕೂತವನು ಸೋತಂತೆ ಎಂಬುದು ಇಬ್ಬರಿಗೂ ತಿಳಿದಿದ್ದರಿಂದ ಯಾರೂ ಕೂರಲಿಲ್ಲ. “ಇಬ್ರೂ ಕುತ್ಕಳಾದಾದ್ರೆ ಕುತ್ಕಳಿ, ಊಟ ಬಡಿಸ್ತೀನಿ” ಎಂದು ಹಾಲಮ್ಮ ಕೂಗಿದ ಸಂಧಿಸೂತ್ರವು ಗಾಳಿಯಲ್ಲಿ ಹಾರಿಹೋಯಿತು.

ಕೊನೆಗೆ ಹಗ್ಗದ ಒಂದೊಂದು ತುದಿ ಒಬ್ಬೊಬ್ಬರ ಪಾಲಿಗೆ ಬಂತು. ತಿಪ್ಪೇರುದ್ರಪ್ಪನು ಬೇವಿನ ಕಾಂಡಕ್ಕೆ ಎರಡು ಸುತ್ತು ಹಾಕಿ, ಅಡ್ಡ ದಾಟಿಸಿ, ಲವಂಗ ಮುಗಿಸಿ, ಎಡಗೈ ಹೆಬ್ಬೆರಳಿನಿಂದ ಏಲಕ್ಕಿಯನ್ನು ಒಳಕ್ಕೆ ತುರುಕಿದನು. ಹೊಂಗೆಯ ಬಳಿ ಮಾಲತೇಶಪ್ಪನು ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಮರ ಸುತ್ತಿಸಿ ತಂದು ಕುಣಿಕೆಯೊಳಗೆ ತೂರಿಸಿ, ಒಂದು ಕಾಲನ್ನು ಮರಕ್ಕೆ ಒದ್ದು ನಿಂತು, “ಹೈಸಾ!” ಎಂದು ಜಗ್ಗಿದನು. ಹಗ್ಗ ಟಣ್ಣೆಂದಿತು. ಬೇವಿನ ಮರದ ಕಾಗೆಯೊಂದು ಎದ್ದು ಹೋಯಿತು. ಬೇವಿನ ಕಡೆಯ ಗಂಟು ಬಿಚ್ಚಿಕೊಳ್ಳಲೆಂದೇ ಬೀಗ ಅಷ್ಟು ಜೋರಾಗಿ ಜಗ್ಗಿದ್ದಾನೆಂದು ತಿಪ್ಪೇರುದ್ರಪ್ಪನಿಗೆ ಅನುಮಾನ ಬಂತು. ಅವನು ಎರಡೂ ಕೈಯಿಂದ ಹಗ್ಗ ಹಿಡಿದು ತನ್ನ ಕಡೆಗೆ ಜಗ್ಗಿದ. ಮಾಲತೇಶಪ್ಪ ಮತ್ತೆ ಜಗ್ಗಿದ. ಎರಡು ಮರಗಳ ನಡುವೆ ಇಬ್ಬರು ಅಜ್ಜಂದಿರ ವಯಸ್ಸಿನ ಗಂಡಸರು ಮುಖ ಕೆಂಪಗೆ ಮಾಡಿಕೊಂಡು ಹೀಗೆ ಹತ್ತು ನಿಮಿಷ ಒಬ್ಬರನ್ನೊಬ್ಬರು ಜಗ್ಗಾಡಿದರೂ ಲವಂಗವೂ ಸಡಿಲಾಗಲಿಲ್ಲ, ಜೀರುಗುಣಿಕೆಯೂ ಜಾರಲಿಲ್ಲ.

ಆಗ ಟಾರ್ಪಾಲು ಬಿಚ್ಚಲ್ಪಟ್ಟಿತು. ಅಯ್ಯೋ, ಅದನ್ನು ಬಿಚ್ಚುವ ಮುನ್ನ ಗಾಳಿಯ ಅಪ್ಪಣೆ ಕೇಳಬೇಕಿತ್ತು! ಇನ್ನೂರಹದಿನಾರು ಚದರಡಿಯ ಆ ನೀಲಿ ರಕ್ಕಸಿ ಮಡಿಕೆ ಕಳಚಿದ್ದೇ ತಡ, ಫಟಫಟನೆ ಎದ್ದು ನಿಂತು, ಮೊದಲು ತಿಪ್ಪೇರುದ್ರಪ್ಪನ ಟೋಪಿಯನ್ನು ಆಹುತಿ ತೆಗೆದುಕೊಂಡಿತು. ಅನಂತರ ಮೂಲೆ ಹಿಡಿದಿದ್ದ ಮಾಲತೇಶಪ್ಪನನ್ನು ಹತ್ತು ಮಾರು ದರದರ ಎಳೆದುಕೊಂಡು ಹೋಗಿ ಲಂಟಾನದ ಪೊದೆಯೊಂದಕ್ಕೆ ಪರಿಚಯಿಸಿತು. “ಬಿಡಬ್ಯಾಡ್ರೀ ಬೀಗರ!” ಎಂದು ಪೊದೆಯೊಳಗಿಂದ ಆರ್ತನಾದ ಬಂತು. ಬಿಟ್ಟರೆ ಬೀಗರೂ ಟಾರ್ಪಾಲೂ ಒಟ್ಟಿಗೇ ಹೊಳಲ್ಕೆರೆ ಮುಟ್ಟುವಂತಿತ್ತು. ತಿಪ್ಪೇರುದ್ರಪ್ಪನು ಹಿಂದುಮುಂದು ನೋಡದೆ ಓಡಿಹೋಗಿ ಟಾರ್ಪಾಲಿನ ನಡುಮಧ್ಯಕ್ಕೆ ಬೋರಲು ಬಿದ್ದು, ಕೈಕಾಲು ಅಗಲಿಸಿ, ತನ್ನ ಎಪ್ಪತ್ತೆರಡು ಕಿಲೋ ದೇಹವನ್ನೇ ಪೇಪರ್‌ವೇಟು ಮಾಡಿಕೊಂಡನು. “ಅಪ್ಪಾ, ಮೊಣಕಾಲು ನೋವು ಅಂದಿದ್ದೆ!” ಎಂದು ಶಾಂಭವಿ ಕೂಗಿದ್ದು ಅವನಿಗೆ ಕೇಳಿಸಿದರೂ ಕೇಳಿಸದಂತೆ ಇದ್ದನು.

ಇಬ್ಬರೂ ಸೇರಿ ಅದನ್ನು ಹಗ್ಗದ ಮೇಲೆ ಎಸೆದರು, ಎಳೆದರು, ಸಮ ಮಾಡಿದರು. ಗೂಟಕ್ಕೆ ಬಿಗಿಯುವಷ್ಟರಲ್ಲಿ ಎರಡು ಮೂಲೆಯಲ್ಲಿ ಹಗ್ಗ ಪೋಣಿಸುವ ಹಿತ್ತಾಳೆ ಬಳೆಗಳು ಪಟಪಟನೆ ಕಿತ್ತುಬಂದವು. ತಿಪ್ಪೇರುದ್ರಪ್ಪನ ಮುಖ ಬಾಡಿತು. ಬಳೆಯಿಲ್ಲದ ಮೂಲೆಗೆ ಹಗ್ಗ ಕಟ್ಟುವ ವಿದ್ಯೆ ಅವನ ಹದಿನಾರರಲ್ಲಿ ಇರಲಿಲ್ಲ. ಮತ್ತೊಂದು ಚಪ್ಪರ ಬಿದ್ದೇಬಿಟ್ಟಿತೆಂದು ಅವನು ಕಿತ್ತುಬಂದ ಬಳೆಗಳನ್ನು ಜೇಬಿಗೆ ಹಾಕಿಕೊಂಡನು. ಆಗ ಮಾಲತೇಶಪ್ಪನು ನೆಲದಿಂದ ನಿಂಬೆಗಾತ್ರದ ದುಂಡುಕಲ್ಲೊಂದನ್ನು ಆರಿಸಿ, ಅದನ್ನು ಮೂಲೆಯ ಒಳಗಿಟ್ಟು, ಟಾರ್ಪಾಲನ್ನು ಅದರ ಸುತ್ತ ಗುಬ್ಬಿಮರಿಯನ್ನು ಹಿಡಿದಂತೆ ಹಿಡಿದು, ಕಲ್ಲಿನ ಕುತ್ತಿಗೆಗೆ ಹಗ್ಗ ಬಿಗಿದನು. ಬಟ್ಟೆ ಹರಿಯುವಂತಿಲ್ಲ, ಹಗ್ಗ ಜಾರುವಂತಿಲ್ಲ. “ಲಾರಿಯವ್ರು ಹಿಂಗ ಮಾಡ್ತೇವ್ರಿ” ಎಂದ, ಜಂಬವೇನೂ ಇಲ್ಲದೆ. ತಿಪ್ಪೇರುದ್ರಪ್ಪನು ಆ ಕಲ್ಲಿನ ಗಂಟನ್ನು ಎರಡು ಸಲ ಮುಟ್ಟಿ ನೋಡಿದನು. ಮೆಚ್ಚುಗೆ ಬಾಯಿಯವರೆಗೆ ಬಂತು. ಎರಡೂವರೆ ತಿಂಗಳ ಸಿಟ್ಟು ಅದನ್ನು ಅಲ್ಲೇ ತಡೆದು ವಾಪಸು ಕಳಿಸಿತು.

ಮಟಮಟ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಟಾರ್ಪಾಲು ನಿಂತಿತು. ಹೇಗೆ ನಿಂತಿತೆಂದರೆ, ಬೆರಳಿನಿಂದ ತಟ್ಟಿದರೆ ತಮಟೆಯಂತೆ ನುಡಿಯಿತು. ಗಾಳಿ ನಾಲ್ಕು ಕಡೆಯಿಂದ ಬಂದು ನುಗ್ಗಿ ನೋಡಿ ಸುಸ್ತಾಗಿ ಹೋಯಿತು. ಅದೇ ಹೊತ್ತಿಗೆ, ಕಾದುಕೊಂಡಿದ್ದಂತೆ, ಮೊದಲ ಹನಿಗಳು ಬಿದ್ದವು, ಹನಿ ಸೋನೆಯಾಯಿತು. ಇದಕ್ಕಿಂತ ಬೇರೆ ಮುಹೂರ್ತ ಬೇಕೆ? ತಿಪ್ಪೇರುದ್ರಪ್ಪನು ತನ್ನ ನಿರ್ಮಾಣದ ನಡುವೆ ನಿಂತು, ತಲೆಗೂದಲಿನಿಂದ ಹುಲ್ಲುಕಡ್ಡಿ ತೆಗೆದು, ಎರಡೂ ಕೈ ಚಾಚಿ, ಮೂವತ್ತೆರಡು ವರ್ಷದ ಮೈದಾನದ ಕಂಠದಲ್ಲಿ ಘೋಷಿಸಿದನು:

“ಬನ್ನಿ! ಎಲ್ಲಾರೂ ಒಳಗೆ ಬನ್ನಿ!”

ಹೆಂಗಸರು ಪಾತ್ರೆಗಳನ್ನು ಎತ್ತಿಕೊಂಡು ಎದ್ದೇ ಇದ್ದರು. ಫಕೀರವ್ವ ಹೋಳಿಗೆ ಡಬ್ಬಿಯೊಂದಿಗೆ ಎರಡು ಹೆಜ್ಜೆ ಹಾಕಿಯೂ ಆಗಿತ್ತು. ಅಲ್ಲಿಗೇ ನಿಂತಳು.

“ಒಳಗ ಅಂದ್ರಲ್ರಿ ಬೀಗರ.”

“ಹೂಂ, ಒಳಗೆ. ಮಳೆ ಬರ್ತೈತೆ, ಬನ್ನಿ.”

“ಒಳಗ ಅಂದ್ರ ಅದು ಮನಿ ಆತಲ್ರಿ. ಆಷಾಢದಾಗ ನಾನೂ ನನ್ನ ಸೊಸಿನೂ ಒಂದ ಸೂರಿನಾಗ ಹ್ಯಾಂಗ ಬರೂದು?”

ಸೂರಿಲ್ಲದ ಜಾಗವೆಂದು ಹುಡುಕಿ ಹುಡುಕಿ ಬಂದ ಬಯಲಿಗೆ ತಾವೇ ಬೆವರು ಸುರಿಸಿ ಸೂರು ಕಟ್ಟಿದ್ದೇವೆಂಬುದು ಇಬ್ಬರು ವೀರರಿಗೂ ಒಟ್ಟಿಗೇ ಹೊಳೆಯಿತು. “ಬಾಯ್ತಪ್ಪಿ ಅಂದೆ. ಒಳಗೆ ಅಲ್ಲ, ಕೆಳಗೆ. ಕೆಳಗೆ ಬನ್ನಿ” ಎಂದನು ತಿಪ್ಪೇರುದ್ರಪ್ಪ. ಆದರೆ ಬಿಟ್ಟ ಮಾತು ಬಿಟ್ಟದ್ದೇ. ಫಕೀರವ್ವ ಮಳೆಯಲ್ಲೇ ಜಮಖಾನದ ಮೇಲೆ ಕೂತುಬಿಟ್ಟಳು. ಅತ್ತೆ ನೆನೆಯುವಾಗ ತಾನು ಹೋಗಲಾರೆನೆಂದು ಶಾಂಭವಿಯೂ ಪಕ್ಕದಲ್ಲಿ ಕೂತಳು. ಇಬ್ಬರ ತಲೆ ಮೇಲೂ ಒಂದೇ ಹೋಳಿಗೆ ಡಬ್ಬಿಯ ಮುಚ್ಚಳ.

ಕೊನೆಗೆ ತೀರ್ಪು ಕೊಟ್ಟವಳು ಹಾಲಮ್ಮ. ಅವಳು ಟಾರ್ಪಾಲನ್ನು ಮೇಲೂ ಕೆಳಗೂ ನೋಡಿ, “ಕಟ್ಟಿದ್ರೆ ಸೂರು. ಕೈಲಿ ಹಿಡ್ಕಂಡ್ರೆ ಬರೀ ಟಾರ್ಪಾಲು. ಸೂರನ್ನ ಯಾರಾದ್ರೂ ಕೈಲಿ ಹಿಡ್ಕತಾರಾ? ಬಿಚ್ಚಿ, ಇಬ್ರೂ ಎರಡೆರಡು ಮೂಲೆ ಹಿಡ್ಕಂಡು ನಮ್ಮ ಮೇಲೆ ನಿಂತ್ಕಳಿ. ಬೇಗ, ಅನ್ನ ನೆನೀತೈತೆ” ಎಂದಳು.

“ಸರಿ ಐತ್ರಿ” ಎಂದಳು ಫಕೀರವ್ವ. ಆ ನ್ಯಾಯಾಲಯಕ್ಕೆ ಮೇಲ್ಮನವಿ ಇರಲಿಲ್ಲ.

ಹೀಗಾಗಿ, ಎರಡು ಗಂಟೆ ಕಾಲ ಕಟ್ಟಿದ್ದನ್ನು ಬಿಚ್ಚುವ ಕಾಲ ಬಂತು. ಮಾಲತೇಶಪ್ಪನ ಗಂಟುಗಳು ಬಾಲ ಹಿಡಿದು ಎಳೆದ ಕೂಡಲೇ ಸರಸರ ಬಿಚ್ಚಿಕೊಂಡವು. ತಿಪ್ಪೇರುದ್ರಪ್ಪನು ಗೂಟಗಳ ಬಳಿ ಬಗ್ಗಿದ್ದಾಗ ಮಾಲತೇಶಪ್ಪನು ಬೇವಿನ ಮರದತ್ತ ಹೋದನು. ತಿಪ್ಪೇರುದ್ರಪ್ಪ ಒಳಗೊಳಗೇ ನಕ್ಕನು. ಎಳೆಯಲಿ, ಚೆನ್ನಾಗಿ ಎಳೆಯಲಿ! ನೆನೆದ ಹಗ್ಗದಲ್ಲಿ ಏಲಕ್ಕಿ ಸುತ್ತು ಬಿಚ್ಚಲು ಲೋಕದಲ್ಲಿ ಇನ್ನೊಬ್ಬ ಹುಟ್ಟಿಲ್ಲ. ಆದರೆ ಮಾಲತೇಶಪ್ಪ ಎಳೆಯಲಿಲ್ಲ. ಗಂಟಿನ ಎಡಬದಿಗೆ ಹೆಬ್ಬೆರಳಿಟ್ಟು, ಬಾಲವನ್ನು ಒಳಕ್ಕೆ ಎರಡು ಸಲ ತಳ್ಳಿದ. ಗಂಟು ಬಾಯಿಬಿಟ್ಟು ಹಗ್ಗ ಕೆಳಗೆ ಬಿತ್ತು.

“ಅದು ಒಳಕ್ಕೆ ತಳ್ಳಬೇಕು ಅಂತ ನಿಮಗೆಂಗೆ ಗೊತ್ತಾತು?” ಎಂದನು ತಿಪ್ಪೇರುದ್ರಪ್ಪ.

“ಈ ಗಂಟು ಮದ್ಲ ಒಮ್ಮೆ ಬಿಚ್ಚೇನ್ರಿ. ಭಾಳ ಗಟ್ಟಿ ಗಂಟು ಬಿಡ್ರಿ, ಅವತ್ತ ಅರ್ಧ ತಾಸು...” ಎಂದ ಮಾಲತೇಶಪ್ಪ ಥಟ್ಟನೆ ನಾಲಿಗೆ ಕಚ್ಚಿಕೊಂಡ.

ತಿಪ್ಪೇರುದ್ರಪ್ಪನು ಆ ಗಂಟನ್ನು ಇದಕ್ಕೆ ಮೊದಲು ಬೀಗರ ಕೈಗೆ ಸಿಗುವಂತೆ ಕಟ್ಟಿದ್ದು ಜೀವಮಾನದಲ್ಲಿ ಒಂದೇ ಕಡೆ. ಅವನ ಕಿವಿಯಲ್ಲಿ ಮದುವೆಯ ದಿನದ ವಾಲಗ ಕೇಳಿಸಿತು. ಚಪ್ಪರದ ಕಂಬಕ್ಕೊರಗಿ, ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಬಹಳ ಹೊತ್ತು ಒಬ್ಬನೇ ನಿಂತಿದ್ದ ಮಾಲತೇಶಪ್ಪ ಕಣ್ಣಿಗೆ ಬಂದ. ಮರ್ಯಾದೆಗೆ ನಿಂತಿದ್ದಾರೆಂದು ಅವನು ಅಂದು ಎರಡು ಸಲ ಕುರ್ಚಿಯನ್ನೂ ಕಳಿಸಿದ್ದ.

“ಚಪ್ಪರ ಬಿಚ್ಚಿದ್ದು ನೀವು” ಎಂದನು.

“ಬೀಳ್ಲಿ ಅಂತ ಬಿಚ್ಚಲಿಲ್ರಿ, ದೇವರಾಣಿ. ಹೊಸಾ ನಮೂನಿ ಗಂಟು ಕಂಡೆ, ಕೈ ಕೇಳಲಿಲ್ಲ. ಬಿಚ್ಚಿ, ನಮ್ಮ ಲಾರಿ ಗಂಟು ಹಾಕಿ ಗಟ್ಟಿ ಮಾಡೂಣಂತಿದ್ದೆ. ಹಾಕೂದ್ರಾಗ ಬಿತ್ತು.” ಮಾಲತೇಶಪ್ಪನ ಹುರಿಮೀಸೆ ಮಳೆಗೆ ಇಳಿಬಿದ್ದಿತ್ತು. “ಆಕಿಗೆ ಹೇಳಬ್ಯಾಡ್ರಿ ಬೀಗರ. ಕೈ ಮು‌ಗಿತೇನಿ. ಆಕಿ ತಲಿಮ್ಯಾಲ ಬಾಳಿಗೊನಿ ಬಿದ್ದಿತ್ತು.”

ಹೇಳದಿರುವುದುಂಟೇ! ಆದರೆ ಹೇಳಲು ಅವಕಾಶ ಸಿಕ್ಕದ್ದು ಕೈ ಎರಡೂ ಆಕಾಶಕ್ಕೆ ಎತ್ತಿ ನಿಂತ ಮೇಲೆಯೇ. ಹೆಂಗಸರು ನಡುವೆ ಕೂತರು. ಟಾರ್ಪಾಲಿನ ಅಗಲವನ್ನು ಅರ್ಧಕ್ಕೆ ಮಡಿಸಿ, ತಿಪ್ಪೇರುದ್ರಪ್ಪ ಈ ಕಡೆಯ ಎರಡು ಮೂಲೆ, ಮಾಲತೇಶಪ್ಪ ಆ ಕಡೆಯ ಎರಡು ಮೂಲೆ ಹಿಡಿದು, ದೊಡ್ಡ ಕಂಬಳಿಯನ್ನು ಝಾಡಿಸಲು ನಿಂತವರಂತೆ ಎದುರುಬದುರಾಗಿ ನಿಂತರು. ಮಳೆ ಅವರಿಬ್ಬರ ಬೆನ್ನಿಗೆ ಸುರಿಯುತ್ತಿತ್ತು. ಕೆಳಗೆ ಎಲೆಗಳಿಗೆ ಹೋಳಿಗೆ ಬಿತ್ತು, ತುಪ್ಪ ಬಿತ್ತು, ಕಟ್ಟಿನ ಸಾರಿನ ವಾಸನೆ ಎದ್ದಿತು. ತಿಪ್ಪೇರುದ್ರಪ್ಪನು ಇನ್ನು ತಡೆಯಲಾರದೆ ಕಂಠವೆತ್ತಿದನು:

“ಬೀಗಿತ್ತೇರೆ, ಒಂದ್ ಮಾತು! ಆ ಚಪ್ಪರ ಕೆಡವಿದ್ದು ನಾನಲ್ಲ. ನಿಮ್ಮನೇರೆ ಗಂಟು ಬಿಚ್ಚಿದ್ದು. ಈಗ ಇವರೇ ಒಪ್ಕಂಡ್ರು. ಇನ್ಮೇಲೆ ನನ್ನನ್ನ ಆ ಹೆಸರಲ್ಲಿ ಕರೀಬೇಡಿ. ನನ್ನ ಮಗಳು ಬಾಳೋ ಮನೆ ಅದು.”

ಮಾಲತೇಶಪ್ಪನು ಕಣ್ಣು ಮುಚ್ಚಿಕೊಂಡನು. ಫಕೀರವ್ವ ಹೋಳಿಗೆ ಮುರಿಯುವುದನ್ನು ನಿಲ್ಲಿಸಲೂ ಇಲ್ಲ.

“ಇವರ ಕೆಡವಿದ್ದು ಅಂತ ನನಗ ಅವತ್ತ ಗೊತ್ತಾಗಿತ್ತಲ್ರಿ. ಪಾನಕಾ ಕುಡಕೋತ ನೋಡಿದ್ನಲ್ಲ. ಅದಕ್ಕ ಇವರಿಗೆ ಆ ಹೆಸರಿಟ್ಟೇನಿ.”

“ಇವರಿಗೆ?”

“ಮತ್ತ ಗಂಡನ ಹೆಸರು ಹಿಡದು ಕರೀಲೇನ್ರಿ ನಾನು? ಶಾಂಭವಿ ತವರಿಗೆ ಇವರು ಬೀಗರ ಅಲ್ಲೇನು? ಆಕಿ ಜೋಡಿ ಮಾತಾಡೂಮುಂದ ಹಂಗ ಅಂತೇನಿ. ‘ಚಪ್ಪರಾ ಕೆಡವಿದ ಬೀಗರು ಚಾ ಕುಡದ್ರೇನು ಕೇಳವಾ’ ಅಂತ. ದಿನಾ ಅಂತೇನಿ. ಎಲ್ಲಾರೂ ನಗ್ತಾರ, ನಿಮಗ ಅಂತೇನಿ ಅಂತ ತಿಳಕೊಂಡು ಇವರೊಬ್ಬರು ನಗೂದಿಲ್ಲ.”

ಎರಡೂವರೆ ತಿಂಗಳು! ಉಣ್ಣದ ಅನ್ನ, ಹೋಗದ ಊರು, ಹಾಲಮ್ಮನ ಕುರ್ಚಿ! ಬೀಗನೆಂದರೆ ತಾನು ಅವನಿಗೆ ಹೇಗೋ ಅವನು ತನಗೂ ಹಾಗೆಯೇ ಎಂಬ ಇಷ್ಟು ಸಣ್ಣ ಸಂಗತಿ ಹದಿನಾರು ಗಂಟುಗಳ ಗಂಡನ ತಲೆಗೆ ಹೊಳೆಯದೆ ಹೋಯಿತಲ್ಲ. ಆ ಮನೆಯಲ್ಲಿ ಅವನಿಗೆ ಕೆಟ್ಟ ಹೆಸರೇ ಇರಲಿಲ್ಲ. ಕೆಟ್ಟ ಹೆಸರಿರಲಿ, ಅವನ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ. ಅವನು ನಗಬೇಕೋ ಅಳಬೇಕೋ ತಿಳಿಯದೆ ಎದುರಿನ ಮಾಲತೇಶಪ್ಪನನ್ನು ನೋಡಿದ. ಅವನೂ ಕಣ್ಣು ಬಿಟ್ಟು ಇವನನ್ನೇ ನೋಡುತ್ತಿದ್ದ.

ಶಾಂಭವಿ ತುತ್ತು ಕೈಯಲ್ಲೇ ಹಿಡಿದು ಅಪ್ಪನ ಮುಖ ನೋಡುತ್ತಿದ್ದಳು. “ಅದಕ್ಕೇ ಬರ್ಲಿಲ್ವೇನಪ್ಪಾ ನೀನು? ನಾನು ದಿನಾ ಬಸ್ಸು ಬರೋ ಹೊತ್ತಿಗೆ ಬಾಗಿಲಲ್ಲಿ ನಿಂತಿರ್ತಿದ್ದೆ. ಮೊಣಕಾಲು ಅಂದ್ಕಂಡು ಎಣ್ಣೆ ಬೇರೆ ಕಳಿಸಿದ್ದೆ.”

ಆ ಎಣ್ಣೆಯನ್ನು ಅವನು ಹಗ್ಗ ಮೆತ್ತಗಾಗಲೆಂದು ಹಗ್ಗಕ್ಕೆ ಹಚ್ಚಿದ್ದ. ಅದನ್ನು ಹೇಳುವ ಧೈರ್ಯವಾಗಲಿಲ್ಲ. ಕಣ್ಣು ಒರೆಸಿಕೊಳ್ಳೋಣವೆಂದರೆ ಕೈ ಎರಡೂ ಮೇಲಿದ್ದವು. ಮಳೆ ಬರುತ್ತಿದ್ದದ್ದು ಒಳ್ಳೆಯದೇ ಆಯಿತು.

“ಶ್ರಾವಣಕ್ಕೆ ನಾನೇ ಕರ್ಕಂಡು ಬಂದು ಬಿಡ್ತೀನಮ್ಮ ನಿನ್ನ. ಎರಡು ದಿನ ಇದ್ದೂ ಬರ್ತೀನಿ” ಎಂದನು.

“ನಾಕು ದಿನಾ ಇರ್ರಿ ಬೀಗರ. ಆ ಏಲಕ್ಕಿದು ನಂಗ ಕಲಸ್ರಿ” ಎಂದನು ಆ ಕಡೆಯಿಂದ ಮಾಲತೇಶಪ್ಪ.

ಎಲೈ ಗ್ರಂಥಿದೇವಿಯೇ, ಈ ವೀರನಿಗೆ ತಕ್ಕ ಬಿರುದೊಂದನ್ನು ಇನ್ನೇನು ದಯಪಾಲಿಸಬೇಕು ಎನ್ನುವಷ್ಟರಲ್ಲಿ ಹಾಲಮ್ಮ ತಲೆಯೆತ್ತಿ ಕೂಗಿದಳು:

“ರೀ, ಬಲಗಡೆ ಮೂಲೆ ಎತ್ತಿ ಹಿಡೀರಿ. ಸಾರಿಗೆ ನೀರು ಬೀಳ್ತೈತೆ.”

ತಿಪ್ಪೇರುದ್ರಪ್ಪನು ಬಲಗಡೆಯ ಮೂಲೆಯನ್ನು ಎತ್ತಿ ಹಿಡಿದನು.